ಠಾಣೆಯಲ್ಲಿ ರಾತ್ರಿಯಿಡೀ ಇಟ್ಟುಕೊಂಡು ಹೊಡೆದು ಬಿಟ್ಟರು, ದಾಖಲೆಯೇ ಇಲ್ಲ. ಯಾರನ್ನು ಕೇಳೋದು?

ತೊಗರಿಹೊಲ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಊರು, ಠಾಣೆ, ಸಾಹೇಬರ ಹೆಸರು ಇಲ್ಲಿ ಹಾಕೋದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ಪಕ್ಕದ ಹೊಲದವರ ಜೊತೆ ನಮ್ಮ ಬದುವಿನ ಜಗಳ ಹಳೆಯದು. ಈ ಸಲ ತೊಗರಿ ಕಟಾವಿನ ಹೊತ್ತಿಗೆ ಮಾತಿಗೆ ಮಾತು ಬೆಳೆದು ನನ್ನ ತಮ್ಮ ಅವರ ಆಳಿನ ಕೊರಳಪಟ್ಟಿ ಹಿಡಿದ. ಹೊಡೆದಾಟ ಆಗಲಿಲ್ಲ, ಹಿರಿಯರು ಬಿಡಿಸಿದರು. ಸಂಜೆ ಠಾಣೆಯಿಂದ ಫೋನ್ ಬಂತು. "ಸಾಹೇಬ್ರು ಕರೀತಿದ್ದಾರೆ, ಬಂದು ಹೋಗು, ಐದು ನಿಮಿಷದ ಕೆಲಸ" ಅಂದರು. ನೋಟಿಸ್ ಇಲ್ಲ, ಚೀಟಿ ಇಲ್ಲ. ತಮ್ಮ ಹೋದ. ರಾತ್ರಿ ಬಿಡಲಿಲ್ಲ. ನಾನು ಊಟದ ಡಬ್ಬಿ ತಗೊಂಡು ಹೋದರೆ ಗೇಟಿನಲ್ಲೇ ಡಬ್ಬಿ ಇಸಕೊಂಡರು, ನನ್ನನ್ನು ಒಳಗೆ ಬಿಡಲಿಲ್ಲ. ಮರುದಿನ ಮಧ್ಯಾಹ್ನ ಬಿಟ್ಟರು. ಅಂಗಾಲು ಊದಿಕೊಂಡು ಕಾಲಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಿಡುವ ಮುಂಚೆ ಖಾಲಿ ಹಾಳೆ ಮೇಲೆ ಸಹಿ ಮಾಡಿಸಿಕೊಂಡಿದ್ದಾರೆ.

ಕೇಸ್ ಹಾಕಿಲ್ಲ, ಕೋರ್ಟಿಗೆ ಕರೆದೊಯ್ದಿಲ್ಲ. ಅಂದರೆ ಕಾಗದದ ಲೆಕ್ಕದಲ್ಲಿ ನನ್ನ ತಮ್ಮ ಆ ರಾತ್ರಿ ಠಾಣೆಗೆ ಹೋಗಿಯೇ ಇಲ್ಲ!

ಇವತ್ತು ಬೆಳಿಗ್ಗೆ ನಾನೇ ದೂರು ಬರೆದುಕೊಂಡು ಹೋದೆ. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಅರ್ಧ ಓದಿದರು. ಹಾಳೆ ನಾಲ್ಕು ಮಡಿಕೆ ಮಾಡಿ, ತಾವೇ ನನ್ನ ಅಂಗಿ ಜೇಬಿಗೆ ಇಟ್ಟು, ಮೇಲೆ ಒಂದು ಸಲ ತಟ್ಟಿದರು. "ತಮ್ಮ ಮನೆಗೆ ಬಂದಿದ್ದಾನಲ್ಲ, ಮತ್ತೇನು ಬೇಕು?" ಅಂದರು.

ವಿಡಿಯೋ ಮಾಡಿ ಹಾಕು ಅಂತಾರೆ ಗೆಳೆಯರು. ನಾಳೆ ಮತ್ತೆ ಅದೇ ಠಾಣೆ ಮುಂದೆಯೇ ಓಡಾಡಬೇಕು, ಸುಮ್ನಿರು ಅಂತಾರೆ ಅಪ್ಪ. ಏನು ಮಾಡಲಿ?

ಸಗರನಾಡು

ವಿಡಿಯೋ ಹಾಕಿರಿ ಅಣ್ಣ. ಊದಿದ ಕಾಲು ತೋರಿಸಿ. ಎರಡು ದಿನದಲ್ಲಿ ಟಿವಿಯವರು ಬರುತ್ತಾರೆ, ಮೂರನೇ ದಿನ ಅಮಾನತು. ಈ ಕಾಲದಲ್ಲಿ ಅದೊಂದೇ ದಾರಿ.

ಕೋರ್ಟ್‌ಹಾಲ್ (ಕಲಬುರಗಿ, ವಕೀಲ)

ವಿಡಿಯೋ ಆಮೇಲೆ. ಈ ಪೋಸ್ಟ್ ಓದಿದ ತಕ್ಷಣ ತಮ್ಮನನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಡಿ. ತಾಲೂಕು ಆಸ್ಪತ್ರೆ ಬೇಡ ಅನಿಸಿದರೆ ಯಾದಗಿರಿಗೋ ಕಲಬುರಗಿಗೋ ಬನ್ನಿ. ಅಂಗಾಲಿನ ಬಾವು ಬೇಗ ಇಳಿಯುತ್ತದೆ. ಇಳಿದ ಮೇಲೆ ಯಾವ ಡಾಕ್ಟರೂ ಏನೂ ಬರೆಯಲು ಆಗೋದಿಲ್ಲ.

ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಕಾನೂನಿಗೆ ಬೇಕಾಗುವ ಗಾಯದ ದಾಖಲೆ) ಮಾಡಿ ಅಂತ ಕೇಳಿ. "ಗಾಯ ಹೇಗಾಯ್ತು" ಅಂತ ಡಾಕ್ಟರ್ ಕೇಳುತ್ತಾರೆ. ಇಂಥ ದಿನ, ಇಂಥ ಹೊತ್ತಿಗೆ, ಠಾಣೆಯಲ್ಲಿ ಪೊಲೀಸರು ಲಾಠಿಯಿಂದ ಹೊಡೆದರು ಅಂತ ತಮ್ಮನ ಬಾಯಿಂದಲೇ ಬರಲಿ. ಅವರು ರಿಜಿಸ್ಟರಿನಲ್ಲಿ ಏನು ಬರೆದರು ನೋಡಿ. ಎಷ್ಟೋ ಕಡೆ "ಜಾರಿ ಬಿದ್ದು ಗಾಯ" ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಬರೆದರೆ ಕೇಸ್ ಅಲ್ಲೇ ಅರ್ಧ ಮುಗಿಯಿತು.

ಒಂದು ತಮಾಷೆ ಕೇಳಿ. ಎಂಎಲ್‌ಸಿ ಆದ ಮೇಲೆ ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕಳಿಸಬೇಕು. ಯಾವ ಠಾಣೆಗೆ? ಘಟನೆ ನಡೆದ ಜಾಗದ ಠಾಣೆಗೆ. ಅಂದರೆ ಹೊಡೆದವರಿಗೇ ಕಾಗದ ಹೋಗುತ್ತದೆ! ಅದಕ್ಕೇ ಎಂಎಲ್‌ಸಿ ನಂಬರ್, ತಾರೀಖು, ಡಾಕ್ಟರ್ ಹೆಸರು ಬರೆದಿಟ್ಟುಕೊಳ್ಳಿ. ಎಸ್‌ಪಿಗೆ ಕೊಡುವ ದೂರಿನಲ್ಲಿ ಆ ನಂಬರ್ ಇರಲೇಬೇಕು.

ಉಳಿದಿದ್ದು ರಾತ್ರಿ ಬರೆಯುತ್ತೇನೆ. ಈಗ ಹೊರಡಿ.

ಎಂಎಸ್‌ಕೆ ಮಿಲ್ ಗಲ್ಲಿ

ಏನು ಮಾಡಿದರೂ ಅಷ್ಟೇ ಬಿಡ್ರಿ. ಕಳ್ಳರ ಮೇಲೆ ಕಳ್ಳರಿಗೇ ದೂರು ಕೊಟ್ಟ ಹಾಗೆ. ನಮ್ಮ ಕಲಬುರಗಿಯಲ್ಲೇ ಪಿಎಸ್ಐ ನೇಮಕಾತಿ ಹಗರಣ ನೋಡಲಿಲ್ವಾ? 545 ಹುದ್ದೆ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ. ಇಲ್ಲಿನ ಒಂದು ಶಾಲೆಯ ಪರೀಕ್ಷಾ ಕೇಂದ್ರದಿಂದ ಶುರುವಾದ ಸಿಐಡಿ ತನಿಖೆ ನೇಮಕಾತಿ ವಿಭಾಗದ ಎಡಿಜಿಪಿಯ ಬಂಧನದವರೆಗೆ ಹೋಯಿತು. ಇಲ್ಲಿನ ಪೊಲೀಸ್ ಅಧಿಕಾರಿಗಳೂ ಸಿಕ್ಕಿಬಿದ್ದರು. ಪಟ್ಟಿ ರದ್ದಾಗಿ, ಪಾಪ ಓದಿ ಬರೆದ ಹುಡುಗರು 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ದುಡ್ಡು ಕೊಟ್ಟು ನಕ್ಷತ್ರ ಹಾಕಿಕೊಂಡವನು ಆ ದುಡ್ಡನ್ನು ಯಾರ ಹತ್ತಿರ ವಸೂಲಿ ಮಾಡುತ್ತಾನೆ, ಹೇಳಿ?

ನಿವೃತ್ತ ಹೆಡ್ (ಬೀದರ್ ಜಿಲ್ಲೆ)

ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತನಾದವನು ನಾನು. ಇಲಾಖೆಯ ಪರ ವಾದ ಮಾಡಲು ಬಂದಿಲ್ಲ, ಬೈಯಲಿಕ್ಕೂ ಬಂದಿಲ್ಲ. ಎಂಎಸ್‌ಕೆ ಮಿಲ್ ತಮ್ಮಾ, ಅದೇ ಹಗರಣ ಹಿಡಿದವರೂ ಪೊಲೀಸರೇ. ಸಿಐಡಿ ಅಂದರೆ ಬೇರೆ ಲೋಕದವರಲ್ಲ.

ತೊಗರಿಹೊಲ ಅವರಿಗೆ ಒಂದು ಮಾತು. ಠಾಣೆಯಲ್ಲಿ ಸ್ಟೇಷನ್ ಹೌಸ್ ಡೈರಿ ಅಂತ ಇರುತ್ತದೆ, ನಾವು ಎಸ್‌ಎಚ್‌ಡಿ ಅನ್ನುತ್ತೇವೆ. ಯಾರು ಬಂದರು, ಯಾರು ಹೋದರು, ಯಾರು ಡ್ಯೂಟಿಯಲ್ಲಿದ್ದರು, ಎಲ್ಲ ಗಂಟೆ ಸಮೇತ ಅದರಲ್ಲಿ ಬರಬೇಕು. ನಿಮ್ಮ ತಮ್ಮನ ಹೆಸರು ಅದರಲ್ಲಿ ಇರೋದಿಲ್ಲ, ಅದು ಬೇರೆ ಮಾತು. ಆದರೆ ಆ ರಾತ್ರಿ ಡ್ಯೂಟಿಯಲ್ಲಿ ಯಾರ್‍ಯಾರಿದ್ದರು, ಸೆಂಟ್ರಿ ಯಾರು ಅನ್ನೋದು ಇದ್ದೇ ಇರುತ್ತದೆ. ಅದನ್ನು ಅಳಿಸಲು ಆಗೋದಿಲ್ಲ. ನಿಮ್ಮ ಕೈಯಿಂದ ಊಟದ ಡಬ್ಬಿ ಇಸಕೊಂಡವನು ಯಾರು? ಮುಖ ನೆನಪಿದ್ದರೆ ಬರೆದಿಟ್ಟುಕೊಳ್ಳಿ. ಎದೆ ಮೇಲಿನ ಹೆಸರು ಓದಿದ್ದರೆ ಇನ್ನೂ ಒಳ್ಳೆಯದು.

ತಮ್ಮನ ಮೊಬೈಲ್‌ಗೆ ಠಾಣೆಯಿಂದ ಬಂದ ಕಾಲ್ ಕೂಡ ಇದೆಯಲ್ಲ. ಅದನ್ನು ಅಳಿಸಬೇಡಿ.

ಕೋರ್ಟ್‌ಹಾಲ್

ಹೆಡ್ ಸಾಹೇಬರು ಹೇಳಿದ್ದು ಚಿನ್ನದಂಥ ಮಾತು. ಈಗ ನನ್ನ ಪಾಲಿನದು. ಸ್ವಲ್ಪ ಉದ್ದ ಆಗುತ್ತದೆ.

ರೈಟರ್ ಆ ಹಾಳೆಯನ್ನು ನಿಮ್ಮ ಜೇಬಿಗೆ ವಾಪಸ್ ಇಟ್ಟರಲ್ಲ, ಅಲ್ಲೇ ಇಡೀ ಆಟ ಇದೆ. ಬಾಯಲ್ಲಿ ಎಷ್ಟು ಬೈದರೂ ಅವರಿಗೆ ಏನೂ ಆಗೋದಿಲ್ಲ. ಮೊಹರು ಬಿದ್ದ ಒಂದು ಹಾಳೆ ನಿಮ್ಮ ಕೈಯಲ್ಲಿದ್ದರೆ ಆಗುತ್ತದೆ. ಎಸ್‌ಪಿ, ಮ್ಯಾಜಿಸ್ಟ್ರೇಟ್, ಮಾನವ ಹಕ್ಕು ಆಯೋಗ, ಹೈಕೋರ್ಟ್, ಎಲ್ಲರೂ ಮೊದಲು ಕೇಳೋದು ಒಂದೇ: ದೂರು ಯಾವಾಗ ಕೊಟ್ಟಿರಿ, ಸ್ವೀಕೃತಿ ಎಲ್ಲಿ?

ಹಾಗಾಗಿ ಠಾಣೆಗೆ ಮತ್ತೆ ಹೋಗಬೇಡಿ. ಅದೇ ದೂರನ್ನು ಎಸ್‌ಪಿ ಹೆಸರಿಗೆ ಬರೆಯಿರಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಇದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಸೆಕ್ಷನ್‌ನಲ್ಲೇ ಇದೆ. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಆಗುವುದಾದರೆ ಯಾದಗಿರಿಗೇ ಹೋಗಿ ಎಸ್‌ಪಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಮೊಹರು ಹಾಕುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.

ದೂರಿನಲ್ಲಿ ಬೈಗುಳ ಬೇಡ, ಭಾಷಣ ಬೇಡ. ಎಷ್ಟು ಹೊತ್ತಿಗೆ ಫೋನ್ ಬಂತು, ಯಾವ ನಂಬರಿನಿಂದ, ಎಷ್ಟಕ್ಕೆ ಒಳಗೆ ಹೋದ, ಯಾರು ಹೊಡೆದರು, ಯಾವುದರಿಂದ, ಎಷ್ಟಕ್ಕೆ ಬಿಟ್ಟರು. ಖಾಲಿ ಹಾಳೆಯ ಸಹಿ ವಿಷಯಕ್ಕೆ ಒಂದು ಪ್ಯಾರಾ ಬೇರೆಯೇ ಇರಲಿ. ನಾಳೆ ಆ ಹಾಳೆ ಮೇಲೆ "ನಾನು ಸ್ವಂತ ಇಚ್ಛೆಯಿಂದ ಬಂದಿದ್ದೆ, ಯಾರೂ ಹೊಡೆದಿಲ್ಲ" ಅಂತ ತುಂಬಿ ತರುತ್ತಾರೆ. ಅವರು ತರುವ ಮುಂಚೆ ನೀವು ಹೇಳಿರಬೇಕು.

ಇನ್ನೊಂದು ಅರ್ಜಿ, ಅದೇ ದಿನ, ಸಿಸಿಟಿವಿಗೆ. ಠಾಣೆಯ ಗೇಟು, ಲಾಕಪ್, ಕಾರಿಡಾರ್, ಎಲ್ಲ ಕಡೆ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು, 18 ತಿಂಗಳು ಕಾಯ್ದಿಡಬೇಕು, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಆ ರಾತ್ರಿಯ ದೃಶ್ಯ ಅಳಿಸಬೇಡಿ, ಕಾಯ್ದಿಡಿ ಅಂತ ಎಸ್‌ಪಿಗೆ ಬರೆಯಿರಿ. ಹಿಂದೆಯೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. "ಕ್ಯಾಮೆರಾ ಕೆಟ್ಟಿತ್ತು" ಅಂತ ಉತ್ತರ ಬರಬಹುದು. ಬರಲಿ. ನಿಮ್ಮ ತಮ್ಮ ಒಳಗಿದ್ದ ರಾತ್ರಿಯೇ ಕ್ಯಾಮೆರಾ ಯಾಕೆ ಕೆಟ್ಟಿತು ಅಂತ ಅವರೇ ಕೋರ್ಟಿನಲ್ಲಿ ಹೇಳಬೇಕಾಗುತ್ತದೆ.

ಶಹಾಬಾದ್ ಕಲ್ಲು

ವಕೀಲರೇ, ಎಲ್ಲಾ ಸರಿ. ಆದರೆ ಫೋನ್ ಮಾಡಿ ಕರೆದಾಗಲೇ ಹೋಗದೇ ಇರಬಹುದಿತ್ತಾ? ಹೋಗದಿದ್ದರೆ ಮನೆಗೇ ಬಂದು ಎಳೆದೊಯ್ಯುತ್ತಾರಲ್ಲ.

ಕೋರ್ಟ್‌ಹಾಲ್

ಕಾನೂನಿನಲ್ಲಿ ಬರೆದಿರೋದು ಹೇಳುತ್ತೇನೆ, ಹಳ್ಳಿಯಲ್ಲಿ ನಡೆಯೋದು ನಿಮಗೇ ಗೊತ್ತು. ಬಂಧನ ಬೇಡದ ಕೇಸಿನಲ್ಲಿ ಅದೇ ಸುರಕ್ಷಾ ಸಂಹಿತೆಯ 35(3)ರ ಕೆಳಗೆ ಲಿಖಿತ ನೋಟಿಸ್ ಕೊಟ್ಟು ಕರೆಯಬೇಕು. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ನಡೆಯೋದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಬಂಧಿಸಿದರೆ ಬಂಧನದ ಮೆಮೊ ಬರೆದು, ಮನೆಯವರದೋ ಊರಿನವರದೋ ಸಾಕ್ಷಿ ಸಹಿ ಹಾಕಿಸಿ, ಮನೆಗೆ ತಿಳಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು 1996ರ ಡಿ.ಕೆ. ಬಸು ತೀರ್ಪಿನಿಂದಲೂ ಇದೆ, ಈಗಿನ ಸಂಹಿತೆಯಲ್ಲೂ ಇದೆ.

ಬಂಧನ ಅಂತ ಬರೆಯದೆ "ವಿಚಾರಣೆಗೆ ಕರೆದಿದ್ವಿ" ಅಂದುಬಿಟ್ಟರೆ ಇದ್ಯಾವುದೂ ಬೇಕಾಗಿಲ್ಲ ಅಂತ ಅವರ ಲೆಕ್ಕ. ಐದು ನಿಮಿಷದ ಕೆಲಸ ಅನ್ನೋದು ಅದಕ್ಕೇ.

ಮನೆಯವರು ಯಾರಾದರೂ ಇನ್ನೂ ಒಳಗೇ ಇದ್ದರೆ ಬೇರೆ ದಾರಿ. ಅಕ್ರಮವಾಗಿ ಕೂಡಿಹಾಕಿದ್ದಾರೆ ಅಂತ ಸ್ಥಳೀಯ ಮ್ಯಾಜಿಸ್ಟ್ರೇಟ್ ಹತ್ತಿರ ಅದೇ ಸಂಹಿತೆಯ 100ನೇ ಸೆಕ್ಷನ್ ಅರ್ಜಿ ಹಾಕಿದರೆ ಹುಡುಕಾಟದ ವಾರಂಟ್ ಕೊಡಬಹುದು. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಇದೆ, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ. ಮೊದಲಾದರೆ ಇದಕ್ಕೆಲ್ಲ ಬೆಂಗಳೂರಿಗೆ ಓಡಬೇಕಿತ್ತು. ಈಗ ಕಲಬುರಗಿ ಪೀಠ ಇದೆ, 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಈ ಮೂರು ಜಿಲ್ಲೆಯ ಬಡವರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ.

ಬಿದ್ರಿಬಟ್ಟಲು (ಬೀದರ್)

ಕಲಬುರಗಿ ಪೀಠ ಅಂದಿದ್ದಕ್ಕೆ ನೆನಪಾಯಿತು. ಠಾಣೆ ಮುಂದಿನ ರಸ್ತೆ ಗುಡಿಸಿ ಅಂತ ಇನ್‌ಸ್ಪೆಕ್ಟರ್‌ಗೆ ಹೇಳಿದ್ದು ಇಲ್ಲೇ ಅಲ್ವಾ?

ಕೋರ್ಟ್‌ಹಾಲ್

ಇಲ್ಲೇ. 2020ರ ಡಿಸೆಂಬರ್. ತಾಂಡಾದ ಒಬ್ಬ ತಾಯಿ ತನ್ನ ಮಗನನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ ಅಂತ ಕಲಬುರಗಿಯ ಬಜಾರ್ ಠಾಣೆಗೆ ದೂರು ಕೊಟ್ಟಿದ್ದಳು. ಎಫ್‌ಐಆರ್ ಹಾಕಲಿಲ್ಲ, ಸ್ಟೇಷನ್ ಡೈರಿಯಲ್ಲೂ ಬರೆಯಲಿಲ್ಲ. ಆಕೆ ಹೇಬಿಯಸ್ ಕಾರ್ಪಸ್ ಹಾಕಿದಳು. ಠಾಣಾಧಿಕಾರಿ ಒಂದು ವಾರ ಠಾಣೆ ಮುಂದಿನ ರಸ್ತೆ ಸ್ವಚ್ಛ ಮಾಡಬೇಕು ಅಂತ ಆದೇಶ ಆಯಿತು. ಪೊಲೀಸರಿಗೆ ಜೀರೋ ಎಫ್‌ಐಆರ್ (ಬೇರೆ ಠಾಣೆಯ ವ್ಯಾಪ್ತಿಯ ಅಪರಾಧಕ್ಕೂ ಎಫ್‌ಐಆರ್ ಹಾಕೋದು) ಬಗ್ಗೆ ಕಾರ್ಯಾಗಾರ ಮಾಡಿ ಅಂತಲೂ ಎಸ್‌ಪಿಗೆ ಹೇಳಿದರು.

ಪೇಪರಿನಲ್ಲಿ ಪೊರಕೆ ಸುದ್ದಿಯಾಯಿತು. ನನಗೆ ಕಾರ್ಯಾಗಾರದ ಆದೇಶವೇ ದೊಡ್ಡದು ಅನಿಸುತ್ತದೆ. ನಮ್ಮ ಹದ್ದು ಅಲ್ಲ ಅಂತ ದೂರು ವಾಪಸ್ ಕಳಿಸೋದು ಈ ಭಾಗದ ದೊಡ್ಡ ರೋಗ. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು ಇದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸಬಹುದು ಅಂತ ಹೊಸ ಸಂಹಿತೆಯ 173(1) ಹೇಳುತ್ತದೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಜೆರಾಕ್ಸ್ ದುಡ್ಡು ಕೇಳಿದರೂ ಕೊಡಬೇಡಿ.

ಬಿದ್ರಿಬಟ್ಟಲು

ಒಳ್ಳೆಯದು. ಆದರೆ ನಮ್ಮ ಬೀದರ್‌ನವರಿಗೆ ಇನ್ನೊಂದು ಕೇಸ್ ಮರೆಯಲು ಆಗೋದಿಲ್ಲ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳ ನಾಟಕದ ಮೇಲೆ ದೇಶದ್ರೋಹದ ಕೇಸ್ ಹಾಕಿದರು. ಒಬ್ಬ ಶಿಕ್ಷಕಿ, ಒಬ್ಬ ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನೆ ಮಾಡಿದರು. ಸಮವಸ್ತ್ರ ಹಾಕಿಕೊಂಡು, ಆಯುಧ ಇಟ್ಟುಕೊಂಡು ಮಕ್ಕಳ ಹತ್ತಿರ ಹೋಗಿದ್ದು ಮೇಲ್ನೋಟಕ್ಕೆ ಮಕ್ಕಳ ಹಕ್ಕಿನ ಉಲ್ಲಂಘನೆ ಅಂತ ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಶಾಲೆಯ ಆಡಳಿತದವರ ಮೇಲಿನ ಕೇಸನ್ನು ಕಲಬುರಗಿ ಪೀಠ ರದ್ದು ಮಾಡಿತು.

ಕೇಸ್ ರದ್ದಾಯಿತು, ಸಂತೋಷ. ನನ್ನ ಪ್ರಶ್ನೆ ಬೇರೆ. ತಪ್ಪು ಕೇಸ್ ಅಂತ ಕೋರ್ಟ್ ಹೇಳಿದ ಮೇಲೆ, ಆ ಕೇಸ್ ಹಾಕಿದವರನ್ನು ಕೇಳುವ ವ್ಯವಸ್ಥೆ ತಾನಾಗಿಯೇ ಶುರುವಾಗಬೇಕಲ್ಲ? ಮತ್ತೆ ನೊಂದವರೇ ಹೊಸದಾಗಿ ಅರ್ಜಿ ಹಿಡಿದು ಅಲೆಯಬೇಕಾ?

ನಿವೃತ್ತ ಹೆಡ್

ಆ ಕೇಸಿನ ಬಗ್ಗೆ ನಾನು ಮಾತಾಡೋದಿಲ್ಲ. ಒಳಗಿನ ವ್ಯವಸ್ಥೆ ಹೇಗೆ ಅಂತ ಮಾತ್ರ ಹೇಳುತ್ತೇನೆ.

ಜನ ಅಮಾನತು ಅಂದರೆ ಶಿಕ್ಷೆ ಅಂದುಕೊಂಡಿದ್ದಾರೆ. ಅಮಾನತು ಶಿಕ್ಷೆ ಅಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡೋದು, ಅಷ್ಟೇ. ಜೀವನಾಧಾರ ಭತ್ಯೆ ಬರುತ್ತಿರುತ್ತದೆ. ಸ್ವಲ್ಪ ದಿನ ಆದ ಮೇಲೆ ಅಮಾನತು ತೆಗೆದು ಬೇರೆ ಕಡೆ ಹಾಕುತ್ತಾರೆ. ಟಿವಿಯವರು ಅಮಾನತಿನ ದಿನ ಬರುತ್ತಾರೆ, ವಾಪಸ್ ತಗೊಂಡ ದಿನ ಯಾರೂ ಬರೋದಿಲ್ಲ.

ನಿಜವಾದ ಶಿಕ್ಷೆ ಇಲಾಖಾ ವಿಚಾರಣೆಯಿಂದ. ಅದಕ್ಕೆ 1965ರ ಶಿಸ್ತು ನಡವಳಿ ನಿಯಮಗಳಿವೆ. ದೋಷಾರೋಪ ಪಟ್ಟಿ ಕೊಡಬೇಕು, ಅವನ ಉತ್ತರ ಕೇಳಬೇಕು, ಸಾಕ್ಷಿ ಕರೆಯಬೇಕು. ಇನ್‌ಕ್ರಿಮೆಂಟ್ ಕಡಿತದಿಂದ ಹಿಡಿದು ವಜಾದವರೆಗೆ ಶಿಕ್ಷೆ ಇದೆ. ವಿಚಾರಣೆ ಮಾಡುವವರು ಇಲಾಖೆಯವರೇ. ಸಾಕ್ಷಿ ಹೇಳಬೇಕಾದವನು ನಾಳೆ ಅದೇ ಆರೋಪಿಯ ಪಕ್ಕದಲ್ಲಿ ಬಂದೋಬಸ್ತ್ ಮಾಡಬೇಕಾದವನು. ಇನ್ನು ದೂರುದಾರರು. ಸಮನ್ಸ್ ಹೋಗುತ್ತದೆ, ಅವರು ಬರೋದಿಲ್ಲ. ಭಯ ಇರಬಹುದು, ಅಷ್ಟರಲ್ಲಿ ರಾಜಿ ಆಗಿರಬಹುದು. ಕೊನೆಗೆ "ಆರೋಪ ಸಾಬೀತಾಗಿಲ್ಲ" ಅಂತ ಬರೆದು ಫೈಲ್ ಮುಚ್ಚುತ್ತಾರೆ.

ಇನ್ನೊಂದು ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಹೊಡಿ ಅಂತ ಹೇಳುವವರು ಬಾಯಲ್ಲಿ ಹೇಳುತ್ತಾರೆ, ಬರೆದು ಕೊಡೋದಿಲ್ಲ. ತಿಂಗಳ ಕ್ರೈಂ ಮೀಟಿಂಗಿನಲ್ಲಿ "ಎಷ್ಟು ಪತ್ತೆ, ಎಷ್ಟು ವಸೂಲಿ" ಅಂತ ಬೈಸಿಕೊಂಡು ಬಂದ ಸಾಹೇಬರು ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ಲಾಠಿ ಕಾನ್ಸ್‌ಟೇಬಲ್ ಕೈಯಲ್ಲಿರುತ್ತದೆ. ಕೇಸ್ ಆದರೆ ನೌಕರಿ ಹೋಗುವುದು ಅವನದೇ. ತೊಗರಿಹೊಲ ಅವರ ವಿಷಯದಲ್ಲೂ ಪಕ್ಕದ ಹೊಲದವರ ಪರವಾಗಿ ಯಾರೋ ದೊಡ್ಡವರ ಫೋನ್ ಬಂದಿರುತ್ತದೆ. ಬರೆದಿಟ್ಟುಕೊಳ್ಳಿ.

ಎಂಎಸ್‌ಕೆ ಮಿಲ್ ಗಲ್ಲಿ

ಹೆಡ್ ಸಾಹೇಬ್ರೇ, ಹೇಳಿದರೆ ಹೊಡೆಯಲೇಬೇಕಾ? ಆಗಲ್ಲ ಸರ್ ಅಂದರೆ ಏನಾಗುತ್ತದೆ?

ನಿವೃತ್ತ ಹೆಡ್

ಕೇಳಬೇಕಾದ ಪ್ರಶ್ನೆಯೇ. ರಜೆ ಸಿಗೋದಿಲ್ಲ. ಜಾತ್ರೆ, ಉರುಸು, ಚುನಾವಣೆ, ಎಲ್ಲ ಬಂದೋಬಸ್ತಿಗೂ ನಿನ್ನದೇ ಹೆಸರು. ದೂರದ ಠಾಣೆಗೆ ಎತ್ತಂಗಡಿ. ಹಾಗಂದರೂ ಆಗಲ್ಲ ಅಂದವರು ಇದ್ದಾರೆ, ಅವರನ್ನೂ ನೋಡಿದ್ದೇನೆ. ಹೊಡೆದವನಿಗೆ ಅದು ನೆಪ ಆಗಬಾರದು, ಒಪ್ಪಿದೆ.

ಸೇಡಂ ಅಕ್ಕ

ಗಂಡಸರ ಚರ್ಚೆ ನಡುವೆ ಒಂದು ಮಾತು. ಸಾಕ್ಷಿ ಹೇಳಿಕೆಗೆ ಅಂತ ಹೆಂಗಸರನ್ನು ಠಾಣೆಗೆ ಕರೆಯೋ ಹಾಗೇ ಇಲ್ಲ. ಬೇಕಾದರೆ ಮನೆಗೇ ಬಂದು ತಗೋಬೇಕು. ಹೊಸ ಸಂಹಿತೆಯ 179ನೇ ಸೆಕ್ಷನ್. 15ಕ್ಕಿಂತ ಚಿಕ್ಕ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆ ಇದ್ದವರು, ಅವರಿಗೂ ಅಷ್ಟೇ.

ನಮ್ಮ ಅತ್ತೆಗೆ ಪಕ್ಕದ ಮನೆ ಕಳವಿನ ವಿಷಯದಲ್ಲಿ ಫೋನ್ ಬಂದಿತ್ತು. "ಅವರು ಬರೋದಿಲ್ಲ ಸರ್, 179ರ ಪ್ರಕಾರ ನೀವೇ ಬನ್ನಿ, ಚಹಾ ಮಾಡಿರ್ತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಸಂಜೆ ಮಹಿಳಾ ಪೊಲೀಸರೊಬ್ಬರು ಬಂದರು, ಚಹಾ ಕುಡಿದು, ಹೇಳಿಕೆ ಬರಕೊಂಡು ಹೋದರು. ನಂಬರ್ ಹೇಳಿದರೆ ಕೆಲಸ ಆಗುತ್ತದೆ ನೋಡಿ.

ಲೈಂಗಿಕ ದೌರ್ಜನ್ಯದ ದೂರು ತಗೊಳ್ಳದ ಅಧಿಕಾರಿಗೇ 6 ತಿಂಗಳಿಂದ 2 ವರ್ಷ ಜೈಲು ಇದೆ, ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 199. ಇದನ್ನು ಹೆಣ್ಣುಮಕ್ಕಳು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಸಗರನಾಡು

ದಲಿತರ ದೂರು ತಗೊಳ್ಳದಿದ್ದರೂ ಇದೆ ಅಕ್ಕ. ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್, ಕರ್ತವ್ಯ ಬೇಕಂತಲೇ ಮಾಡದ ಅಧಿಕಾರಿಗೆ 6 ತಿಂಗಳಿಂದ 1 ವರ್ಷ. ಪರಿಶಿಷ್ಟರಲ್ಲದ ಅಧಿಕಾರಿಗೆ ಅನ್ವಯ. ನಮ್ಮ ಕಡೆ ಇದನ್ನು ಉಪಯೋಗಿಸೋದೇ ಇಲ್ಲ, ಯಾಕಂತ ದೇವರಿಗೇ ಗೊತ್ತು.

ತೊಗರಿಹೊಲ

ಎಲ್ಲರಿಗೂ ದೊಡ್ಡ ನಮಸ್ಕಾರ. ಆಸ್ಪತ್ರೆಗೆ ಹೋಗಿ ಬಂದೆವು. ವಕೀಲರು ಹೇಳಿದ ಹಾಗೇ ಆಯಿತು. ಚೀಟಿ ಬರೆಯುವ ಹುಡುಗ "ಬಿದ್ದಿದ್ದಾ?" ಅಂತ ತಾನೇ ಕೇಳಿ, ತಾನೇ ಬರೆಯಲು ಹೊರಟಿದ್ದ. ತಮ್ಮ ಜೋರಾಗಿ "ಬಿದ್ದಿಲ್ಲ, ಹೊಡೆದಿದ್ದಾರೆ" ಅಂದ. ಡ್ಯೂಟಿ ಡಾಕ್ಟರಮ್ಮ ತಲೆ ಎತ್ತಿ ನೋಡಿದರು. ಒಬ್ಬರೇ ಒಳಗೆ ಕರೆದುಕೊಂಡು ಹೋಗಿ ಎರಡೂ ಕಾಲು ನೋಡಿ, ಅಳತೆ ಸಮೇತ ಬರೆದರು. ಪೊಲೀಸರು ಅಂತಲೇ ಬರೆದಿದ್ದಾರೆ. ಎಂಎಲ್‌ಸಿ ನಂಬರ್ ಇದೆ.

ಎಸ್‌ಪಿ ಕಚೇರಿಯಲ್ಲಿ ಕೊಟ್ಟೆ. ಮೊಹರು ಬಿತ್ತು.

ಊರಿಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಕಟ್ಟೆ ಮೇಲಿನ ಹಿರಿಯರೊಬ್ಬರು ಮನೆಗೆ ಬಂದರು. "ಸಾಹೇಬ್ರು ಒಳ್ಳೆಯವರು, ಹುಡುಗರು ದುಡುಕಿದ್ದಾರೆ, ಆಸ್ಪತ್ರೆ ಖರ್ಚು ಕೊಡಿಸ್ತೀನಿ, ಅರ್ಜಿ ವಾಪಸ್ ತಗೋ" ಅಂದರು. ಅಪ್ಪ ಅರ್ಧ ಒಪ್ಪಿದ್ದಾರೆ. ತಮ್ಮ ಒಪ್ಪುತ್ತಿಲ್ಲ. ಪಕ್ಕದ ಹೊಲದವರು ಈಗ ನಮ್ಮ ಮೇಲೆ ಕೇಸ್ ಹಾಕಿಸುತ್ತಾರೆ ಅಂತ ಬೇರೆ ಹೇಳಿ ಹೋದರು.

ಶಹಾಬಾದ್ ಕಲ್ಲು

ರಾಜಿ ಮಾಡಿಕೊಳ್ಳಿ ಅಂತ ಹೇಳಿದರೆ ಇಲ್ಲಿ ಎಲ್ಲರೂ ಬೈಯುತ್ತೀರಿ. ಆದರೂ ಹೇಳುತ್ತೇನೆ. ಹೊಲ ಅಲ್ಲೇ ಇರುತ್ತದೆ, ಠಾಣೆ ಅಲ್ಲೇ ಇರುತ್ತದೆ. ಸಾಹೇಬರು ಎರಡು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ, ಕೋರ್ಟಿಗೆ ಹತ್ತು ವರ್ಷ ಓಡಾಡುವವರು ಇವರು. ಒಂದು ಪೇಶಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅಪ್ಪನ ಮಾತನ್ನು ಹೇಡಿತನ ಅನ್ನಬೇಡಿ.

ಕೋರ್ಟ್‌ಹಾಲ್

ಯಾರೂ ಹೇಡಿತನ ಅನ್ನುತ್ತಿಲ್ಲ. ನಾನೇ ಎಷ್ಟೋ ಕಕ್ಷಿದಾರರಿಗೆ ಕೈ ಮುಗಿದು "ಬೇಡ" ಅಂದಿದ್ದೇನೆ. ದಾರಿ ಸುಲಭ ಇಲ್ಲ ಅಂತ ಮೊದಲೇ ಹೇಳುತ್ತೇನೆ, ಕೇಳಿ.

ಒಪ್ಪಿಕೊಳ್ಳಲಿ ಅಂತಲೋ, ಆಸ್ತಿ ಬಿಟ್ಟುಕೊಡಲಿ ಅಂತಲೋ ಹೊಡೆದರೆ ನ್ಯಾಯ ಸಂಹಿತೆಯ 120ನೇ ಸೆಕ್ಷನ್. 7 ವರ್ಷದವರೆಗೆ ಶಿಕ್ಷೆ, ಗಾಯ ತೀವ್ರವಾಗಿದ್ದರೆ 10 ವರ್ಷ. ಪುಸ್ತಕದಲ್ಲಿ ಚೆನ್ನಾಗಿದೆ. ಅಲ್ಲಿಗೆ ತಲುಪಲು ಎರಡು ಗೇಟು ದಾಟಬೇಕು.

ಮೊದಲನೆಯದು ಸುರಕ್ಷಾ ಸಂಹಿತೆಯ 175(4). ಸರ್ಕಾರಿ ನೌಕರನ ಮೇಲೆ, ಅವನ ಕೆಲಸದ ವೇಳೆಯ ವಿಷಯದಲ್ಲಿ ದೂರು ಬಂದರೆ, ಮ್ಯಾಜಿಸ್ಟ್ರೇಟ್ ತನಿಖೆಗೆ ಆದೇಶ ಮಾಡುವ ಮುಂಚೆ ಅವನ ಮೇಲಧಿಕಾರಿಯಿಂದ ವರದಿ ತರಿಸಬೇಕು, ಅವನ ಮಾತನ್ನೂ ನೋಡಬೇಕು. ಈ ಸಂಹಿತೆಗೆ ಮುಂಚೆ ಇದ್ದ ಹಳೆಯ ಸಿಆರ್‌ಪಿಸಿಯಲ್ಲಿ ಇದು ಇರಲಿಲ್ಲ.

ಎರಡನೆಯದು ಪೂರ್ವಾನುಮತಿ. ಡ್ಯೂಟಿಯ ಭಾಗವಾಗಿ ಮಾಡಿದ ಕೆಲಸಕ್ಕೆ ಕೇಸ್ ನಡೆಸಲು ಸರ್ಕಾರದ ಒಪ್ಪಿಗೆ ಬೇಕು. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್ ಇದೆ, ಅದರ ಮೇಲೆ ಸುರಕ್ಷಾ ಸಂಹಿತೆಯ 218 ಇದೆ. ಡ್ಯೂಟಿಗೆ ಸಂಬಂಧ ಇದ್ದರೆ, ಮಿತಿ ಮೀರಿ ನಡೆದುಕೊಂಡಿದ್ದರೂ ರಕ್ಷಣೆ ಸಿಗುತ್ತದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ನಮ್ಮ ರಾಜ್ಯದ್ದೇ ಡಿ. ದೇವರಾಜ ಪ್ರಕರಣದಲ್ಲಿ ಹೇಳಿತು. ರಾತ್ರಿಯಿಡೀ ದಾಖಲೆ ಇಲ್ಲದೆ ಕೂಡಿಹಾಕಿ ಅಂಗಾಲಿಗೆ ಹೊಡೆಯೋದು ಯಾವ ಡ್ಯೂಟಿ ಅಂತ ನಾವು ವಾದ ಮಾಡುತ್ತೇವೆ. ಅದೊಂದೇ ವಾದ ವರ್ಷಗಟ್ಟಲೆ ನಡೆಯುತ್ತದೆ. ಹೊಸದಾಗಿ ಬಂದ ಒಂದೇ ಸಮಾಧಾನ ಅಂದರೆ, ಅನುಮತಿ ಕೇಳಿದ 120 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಕೊಟ್ಟ ಹಾಗೇ ಲೆಕ್ಕ.

ಇದಕ್ಕೆಲ್ಲ ಹೋಗುವ ತ್ರಾಣ ಇಲ್ಲ ಅಂದರೂ ಅರ್ಜಿ ಮಾತ್ರ ವಾಪಸ್ ತಗೋಬೇಡಿ. ರಾಜ್ಯ ಮಾನವ ಹಕ್ಕು ಆಯೋಗಕ್ಕೆ ಅದರದೇ ಪ್ರತಿ ಕಳಿಸಿ, ವಕೀಲರು ಬೇಕಾಗಿಲ್ಲ, ಶುಲ್ಕ ಇಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು, ಇದನ್ನು ಮರೆಯಬೇಡಿ. ಆಮೇಲೆ ಪೊಲೀಸ್ ದೂರು ಪ್ರಾಧಿಕಾರ.

ಎಂಎಸ್‌ಕೆ ಮಿಲ್ ಗಲ್ಲಿ

ಪೊಲೀಸ್ ದೂರು ಪ್ರಾಧಿಕಾರ? ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ, ಹೆಸರೇ ಕೇಳಿಲ್ಲ.

ಕೋರ್ಟ್‌ಹಾಲ್

ಅದೇ ಸಂಕಟ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಪ್ರತಿ ರಾಜ್ಯದಲ್ಲಿ ಒಂದು, ಪ್ರತಿ ಜಿಲ್ಲೆಯಲ್ಲಿ ಒಂದು ಇರಬೇಕು. ಡಿವೈಎಸ್‌ಪಿವರೆಗಿನವರ ಮೇಲೆ ಜಿಲ್ಲೆಯದು, ಎಸ್‌ಪಿ ಮೇಲ್ಪಟ್ಟವರ ಮೇಲೆ ರಾಜ್ಯದ್ದು. ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಬೇಕು ಅಂತ ಕೋರ್ಟ್ ಹೇಳಿತ್ತು. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ, ಸುಲಿಗೆ, ಜಮೀನು ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ, ಇವೆಲ್ಲ ಅದರ ವ್ಯಾಪ್ತಿ. ನಮ್ಮ ರಾಜ್ಯ 2012ರ ತಿದ್ದುಪಡಿಯಲ್ಲಿ ಪೊಲೀಸ್ ಕಾಯ್ದೆಗೆ 20ಸಿ, 20ಡಿ ಸೇರಿಸಿತು.

ಪ್ರತಿ ಠಾಣೆ ಗೋಡೆ ಮೇಲೆ ಮಾಹಿತಿ ಹಕ್ಕಿನ ಬೋರ್ಡ್ ಇರುತ್ತದೆ. ದೂರು ಪ್ರಾಧಿಕಾರದ ವಿಳಾಸ ಬರೆದ ಬೋರ್ಡ್ ನೀವು ಯಾರಾದರೂ ನೋಡಿದ್ದೀರಾ? ಹೆಸರೇ ಗೊತ್ತಿಲ್ಲದ ಕಡೆಗೆ ಜನ ದೂರು ಕೊಡೋದು ಹೇಗೆ?

ಬಿದ್ರಿಬಟ್ಟಲು

ದಂಡ, ಪರಿಹಾರ ಅಂತ ಕೋರ್ಟ್ ಹೇಳಿದರೂ ಯಾರ ಜೇಬಿನಿಂದ ಹೋಗುತ್ತದೆ? ನಮ್ಮ ತೆರಿಗೆಯಿಂದ ತಾನೆ?

ಕೋರ್ಟ್‌ಹಾಲ್

ಬಹಳ ಸಲ ಹಾಗೇ. 1993ರ ನೀಲಾಬತಿ ಬೆಹೆರಾ ತೀರ್ಪಿನಿಂದ, ಕಸ್ಟಡಿಯಲ್ಲಿ ಹಕ್ಕು ಕಸಿದರೆ ಸರ್ಕಾರ ಪರಿಹಾರ ಕೊಡಬೇಕು ಅನ್ನೋದು ಗಟ್ಟಿಯಾಯಿತು. ತಪ್ಪು ಮಾಡಿದವನ ಸಂಬಳದಿಂದ ವಸೂಲಿ ಮಾಡಿ ಅಂತ ಆದೇಶದಲ್ಲೇ ಬರೆಸಿಕೊಳ್ಳಬೇಕು. ನಾವು ವಕೀಲರು ಅದನ್ನು ಕೇಳೋದನ್ನೇ ಬಿಡುತ್ತೇವೆ.

ನಡೆಸುವವರು

ಒಂದು ಸೂಚನೆ. ಮೇಲೆ ಇಬ್ಬರು ಅಧಿಕಾರಿಗಳ ಹೆಸರು, ಫೋನ್ ನಂಬರ್ ಹಾಕಿದ್ದ ಎರಡು ಉತ್ತರ ತೆಗೆದಿದ್ದೇವೆ. ಆರೋಪ ಇದ್ದರೆ ಅರ್ಜಿಯಲ್ಲಿ ಬರೆಯಿರಿ.

ತೊಗರಿಹೊಲ

ಡಿವೈಎಸ್‌ಪಿ ಕಚೇರಿಯಿಂದ ಲಿಖಿತ ನೋಟಿಸ್ ಬಂದಿದೆ! ಸೋಮವಾರ ಹೇಳಿಕೆಗೆ ಬರಬೇಕಂತೆ. ಎಸ್‌ಪಿ ಅರ್ಜಿಯನ್ನು ಅಲ್ಲಿಗೆ ಕಳಿಸಿದ್ದಾರೆ. ತಮ್ಮ ಒಬ್ಬನೇ ಹೋಗಬೇಕಾ? ನಾನೂ ಹೋಗಬಹುದಾ? ಅಪ್ಪ ಈಗ "ಇಷ್ಟು ದೂರ ಬಂದಿದೆ, ಹೇಳಿಕೆ ಕೊಟ್ಟು ಬಾ, ಆಮೇಲೆ ನೋಡೋಣ" ಅಂತಿದ್ದಾರೆ.

ಸಗರನಾಡು

ಭಲೇ! ವಿಡಿಯೋ ಬೇಕಾಗಲೇ ಇಲ್ಲ ನೋಡಿ.

ನಿವೃತ್ತ ಹೆಡ್

ಹೋಗಿ. ಡಿವೈಎಸ್‌ಪಿ ಕಚೇರಿಗೆ ಕರೆದರೆ ಮಾತ್ರ ಹೋಗಿ. ಅದೇ ಠಾಣೆಗೆ ಬನ್ನಿ, ಸಾಹೇಬ್ರು ಅಲ್ಲಿಗೇ ಬರುತ್ತಾರೆ ಅಂತ ಯಾರಾದರೂ ಫೋನ್ ಮಾಡಿದರೆ ಬರೆದು ಕಳಿಸಿ ಅನ್ನಿ. ಮಧ್ಯಾಹ್ನದ ಊಟ ಮಾಡಿಕೊಂಡು ಹೋಗಿ, ತುಂಬಾ ಹೊತ್ತು ಕೂರಿಸುತ್ತಾರೆ.

ಕೋರ್ಟ್‌ಹಾಲ್

ನೀವೂ ಹೋಗಿ. 15100ಗೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ಸಿಗುತ್ತಾರೆ. ಅರ್ಹರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಸೋಮವಾರಕ್ಕೇ ಬೇಕು ಅಂತ ಹೇಳಿ. ಹೇಳಿಕೆ ಕನ್ನಡದಲ್ಲಿ ಬರೆಯಲಿ. ತಮ್ಮ ಪೂರ್ತಿ ಓದಲಿ, ಓದಿ ಹೇಳಿಸಿಕೊಂಡರೆ ಸಾಲದು. "ಪೊಲೀಸರು ತಳ್ಳಿದಾಗ" ಅಂತ ಬರೆದಿದ್ದರೆ ಹೊಡೆದಾಗ ಅಂತ ತಿದ್ದಿಸಿ. ಕೊನೆಯ ಸಾಲಿನ ಕೆಳಗೆ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆದು ಸಹಿ ಮಾಡಲಿ. ಸಿಸಿಟಿವಿ ಅರ್ಜಿಯ ಸ್ವೀಕೃತಿ ತೋರಿಸಿ, ಅದನ್ನು ನೋಡಿದಿರಾ ಅಂತ ಅವರನ್ನೇ ಕೇಳಿ.

ಶಹಾಬಾದ್ ಕಲ್ಲು

ಡಿವೈಎಸ್‌ಪಿ "ದೂರಿನಲ್ಲಿ ಸತ್ಯಾಂಶ ಇಲ್ಲ" ಅಂತ ಬರೆದರೆ?

ಕೋರ್ಟ್‌ಹಾಲ್

ಬರೆಯುವ ಸಾಧ್ಯತೆ ಇದ್ದೇ ಇದೆ. ಹಾಗೆ ಬರೆದರೆ ನಿಮಗೆ ಹಿಂಬರಹ (ಅರ್ಜಿಗೆ ಲಿಖಿತ ಉತ್ತರ) ಕೊಡಬೇಕಾಗುತ್ತದೆ. ಆ ಹಿಂಬರಹ, ಎಂಎಲ್‌ಸಿ, ಎಸ್‌ಪಿ ಕಚೇರಿಯ ಮೊಹರಿನ ಪ್ರತಿ, ಮೂರನ್ನೂ ಪ್ರಮಾಣಪತ್ರದ (ಅಫಿಡವಿಟ್) ಜೊತೆ ಇಟ್ಟು ತಾಲೂಕಿನ ಜೆಎಂಎಫ್‌ಸಿ ಕೋರ್ಟಿಗೆ, ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕೋಣ. ಸೋಮವಾರ ಸಂಜೆ ಏನಾಯಿತು ಅಂತ ಇಲ್ಲೇ ಬರೆಯಿರಿ, ಹೇಳಿಕೆಯ ಪ್ರತಿ ಕೊಟ್ಟರೋ ಇಲ್ಲವೋ ಅದನ್ನೂ ಬರೆಯಿರಿ.